ಲೆಕ್ಕದ ಪುಸ್ತಕವನ್ನು ನಾನು ನುಂಗಿದ ಕಥೆ

೧೮೯೩ನೆಯ ಇಸವಿಯ ಯುಗಾದಿ. ಬೇವುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ: "ಈ ವರ್ಷ ಅಕೌಂಟ್ ಟೆಸ್ಟನ್ನು ಒಂದೇ ಏಟಿಗೆ ಪಾಸು ಮಾಡದಿದ್ದರೆ ನಾನು ಸಿರುಗುಪ್ಪದ ಗೋಪಾಲಕೃಷ್ಣರಾಯನೇ ಅಲ್ಲ!"

"ಹಂಗಿದ್ರ ನೀವು ಯಾರು?" ಎಂದಳು ನನ್ನ ಹೆಂಡತಿ ತುಳಸಮ್ಮ, ಒಲೆಯ ಮುಂದಿನಿಂದ ಎದ್ದೂ ನೋಡದೆ.

ನನ್ನಂಥ ಸರ್ಕಾರಿ ಗುಮಾಸ್ತನ ಪಾಲಿಗೆ ಆ ಪರೀಕ್ಷೆಯೇ ವೈಕುಂಠದ ಬಾಗಿಲು. ಖಜಾನೆ, ಸಂಬಳ, ಭತ್ಯೆ, ಪಿಂಚಣಿ ಎಲ್ಲದಕ್ಕೂ ಸೇರಿ ಮುನ್ನೂರ ಹನ್ನೆರಡು ಕಾನೂನುಗಳು. ಅದೂ ಕಲ್ಲು ಕಡಿದಂಥ ಇಂಗ್ಲಿಷಿನಲ್ಲಿ. ಪಾಸಾದವನಿಗೆ ಬಳ್ಳಾರಿಯ ದೊಡ್ಡ ಕಚೇರಿಯಲ್ಲಿ ಲೆಕ್ಕಿಗನ ಕುರ್ಚಿ. ನಪಾಸಾದವನಿಗೆ ಸಿರುಗುಪ್ಪದ ಚಾಪೆಯೇ ಗತಿ. ತುಳಸಮ್ಮನಿಗೆ ಕುರ್ಚಿಯ ಗೊಡವೆ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಹಿತ್ತಲಲ್ಲಿ ಬಾವಿ ಇರುವ ಬಳ್ಳಾರಿಯ ಮನೆ. ಎಂಟು ವರ್ಷದಿಂದ ಊರಾಚೆಯ ಬಾವಿಯ ನೀರು ಹೊತ್ತು ಅವಳ ಸೊಂಟ ಬಿದ್ದು ಹೋಗಿತ್ತು.

ಇನ್ನು ನನ್ನ ಜೊತೆಯವರು ಓದುತ್ತಿದ್ದ ಚಂದ! ಒಬ್ಬ ಬುದ್ಧಿ ಚುರುಕಾಗಲೆಂದು ಒಂದೆಲಗದ ತುಪ್ಪ ತಿಂದ. ಚುರುಕಾದದ್ದು ಜಠರಾಗ್ನಿ, ಬೆಳೆದದ್ದು ಹೊಟ್ಟೆ. ಇನ್ನೊಬ್ಬ ಪುಸ್ತಕವನ್ನು ತಲೆದಿಂಬು ಮಾಡಿಕೊಂಡ. ಕಾನೂನು ತಲೆಗೆ ಏರಲಿಲ್ಲ, ತಲೆಯ ಎಣ್ಣೆ ಕಾನೂನಿಗೆ ಇಳಿಯಿತು. ಇವರೆಲ್ಲರಿಗಿಂತ ಕಡೆ ಎಂದರೆ ನಮ್ಮ ನಕಲು ಗುಮಾಸ್ತ, ದೇಶನೂರಿನ ಓಬಳೇಶ. ಅವನು ಒಂದು ಸಾಲನ್ನೂ ಬಾಯಿಪಾಠ ಮಾಡಲಿಲ್ಲ. ಹಳೆಯ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಇದಕ್ಕೆ ಯಾವ ಕಾನೂನು, ಅದು ಯಾವ ಪುಟದಲ್ಲಿದೆ ಎಂದು ಹುಡುಕುತ್ತಾ ಕೂರುತ್ತಿದ್ದ. ಪಾಪದ ಪ್ರಾಣಿ ಎಂದು ನಾನು ಮೂಗು ಮುರಿದೆ.

ನನ್ನದು ವೇದ ಹೇಳಿದ ಮನೆತನ! ನಮ್ಮಜ್ಜ ಪುಸ್ತಕ ಮುಟ್ಟಿದವರಲ್ಲ. ವಿದ್ಯೆಯೆಲ್ಲ ಅವರ ನಾಲಗೆಯ ಮೇಲಿತ್ತು. ಅದೇ ದಾರಿ ಹಿಡಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹನ್ನೆರಡು ನಾಮ ಹಚ್ಚಿ, ಪದ್ಮಾಸನ ಹಾಕಿ, ಹಿಂದೆ ಮುಂದೆ ತೂಗುತ್ತಾ ಒಂದನೆಯ ಕಾನೂನಿನಿಂದ ಹಿಡಿದು ಸ್ವರ ಹಾಕಿ ಹೇಳತೊಡಗಿದೆ. ಇಂಗ್ಲಿಷ್ ಸರ್ಕಾರದ ಭತ್ಯೆಯ ಕಾನೂನು ವೇದದ ಅನುದಾತ್ತ ಸ್ವರಿತಗಳಲ್ಲಿ ಮೊಳಗಿದ್ದು ಭರತಖಂಡದಲ್ಲಿ ಅದೇ ಮೊದಲು! ಬೀದಿಯಲ್ಲಿ ಹೋಗುವವರು ಹೊರಗಿನಿಂದಲೇ ಕೈಮುಗಿದರು.

ಆದರೆ ಒಂದು ತೊಡಕು. ಮಧ್ಯೆ ಯಾರಾದರೂ ಮಾತಾಡಿಸಿದರೆ ಎಳೆ ಕಡಿಯುತ್ತಿತ್ತು. ಕಡಿದರೆ ಮತ್ತೆ ಒಂದನೆಯ ಕಾನೂನಿನಿಂದಲೇ ಶುರು. ಆದ್ದರಿಂದ ಪಾರಾಯಣದ ಹೊತ್ತಿನಲ್ಲಿ ನನ್ನನ್ನು ಯಾರೂ ಮಾತಾಡಿಸಕೂಡದೆಂದು ಮನೆಯಲ್ಲಿ ಆಜ್ಞೆ ಹೊರಡಿಸಿದೆ.

ಒಂದು ದಿನ ತುಳಸಮ್ಮ ಅಂಗಳದಲ್ಲಿ ಚಾಪೆ ಹಾಸಿ ವರ್ಷಕ್ಕಾಗುವಷ್ಟು ಸಂಡಿಗೆ ಇಟ್ಟು, "ನೀರಿಗೆ ಹೋಗಿ ಬರ್ತೀನಿ. ಸಂಡಿಗಿ ಕಡೆ ಒಂದು ಕಣ್ಣಿರ್ಲಿ" ಎಂದು ಕೊಡ ಎತ್ತಿಕೊಂಡು ಹೋದಳು. ಕಣ್ಣಿಟ್ಟೆ. ನೂರ ಎಪ್ಪತ್ತನೆಯ ಕಾನೂನಿನ ಹೊತ್ತಿಗೆ ಒಂದು ಬಿಡಾಡಿ ಹಸು ಬಂತು. "ಹೈ" ಎಂದರೆ ಸಾಕಿತ್ತು. ಆದರೆ ನೂರ ಎಪ್ಪತ್ತು ಕಾನೂನುಗಳ ಮಧ್ಯೆ ಒಂದು "ಹೈ" ಸೇರಿಸುವುದು ಹೇಗೆ? ಹುಬ್ಬು ಗಂಟಿಕ್ಕಿದೆ. ಹಸು ಸಂಡಿಗೆಗೆ ಬಾಯಿ ಹಾಕಿತು. ಸ್ವರ ಏರಿಸಿದೆ. ಅದಕ್ಕೆ ಇಂಗ್ಲಿಷ್ ಹಿಡಿಸಿತೋ ಏನೋ, ತಲೆ ತೂಗುತ್ತಾ ಮೆಲ್ಲಿತು. ಹೆಗಲ ಮೇಲಿನ ವಸ್ತ್ರ ಬೀಸಿದೆ. ವಸ್ತ್ರವನ್ನೂ ತಿಂದಿತು!

ತುಳಸಮ್ಮ ಬರುವ ಹೊತ್ತಿಗೆ ಅಂಗಳ ಸಾರಿಸಿದ ಹಾಗೆ ಚೊಕ್ಕಟವಾಗಿತ್ತು.

"ಹಸು ಬಂದ್ರ ಓಡ್ಸ್ಲಿಕ್ಕೂ ಆಗ್ಲಿಲ್ಲೇನು ನಿಮಗ?"

ನಾನು ಬೆರಳೆತ್ತಿ ತಡೆದು, ಮುನ್ನೂರ ಹನ್ನೆರಡನ್ನೂ ಮುಗಿಸಿಯೇ ಬಾಯಿ ಬಿಟ್ಟೆ: "ಮೂರ್ಖಳೇ! ಇವತ್ತು ಮೊದಲ ಸಲ ಪೂರ್ತಿ ಹೇಳೀನಿ!"

"ಛಲೋ ಆತು. ಆ ಹಸೂನೂ ಪೂರ್ತಿ ತಿಂದದ" ಎಂದು ಅವಳು ಖಾಲಿ ಚಾಪೆ ಸುತ್ತಿಟ್ಟಳು.

ಪರೀಕ್ಷೆಯ ನೋಟೀಸು ಬಂತು. ಅದರಲ್ಲೊಂದು ಸಾಲು: "ಕಾನೂನು ಪುಸ್ತಕವನ್ನು ಜೊತೆಗೆ ತರಬಹುದು." ನಾನು ಬಿದ್ದು ಬಿದ್ದು ನಕ್ಕೆ. ಪುಸ್ತಕ ನೋಡಿ ಬರೆಯುವುದೂ ಒಂದು ಪರೀಕ್ಷೆಯೇ? ಅಂಥ ಹೇಡಿತನ ನಮ್ಮ ವಂಶದಲ್ಲಿಲ್ಲ! ಸ್ವಂತ ಪುಸ್ತಕವಿಲ್ಲದೆ ಕಚೇರಿಯ ಪ್ರತಿಗೆ ಅಂಗಲಾಚುತ್ತಿದ್ದ ಓಬಳೇಶನಿಗೆ ನನ್ನ ಪುಸ್ತಕವನ್ನೇ ಎಸೆದೆ: "ತಗೋ ಲೇ. ಉಂಡು ಬಿಟ್ಟ ಎಲಿ ಇದು, ನನಗ ಬ್ಯಾಡ." ಅವನು ಅದನ್ನು ಕಣ್ಣಿಗೊತ್ತಿಕೊಂಡು ಒಯ್ದ.

ಇಬ್ಬರೂ ಒಂದೇ ಗಾಡಿಯಲ್ಲಿ ಬಳ್ಳಾರಿಗೆ ಹೊರಟೆವು. ನೋಡಿದರೆ ಪುಸ್ತಕದ ತುಂಬ ಬಣ್ಣಬಣ್ಣದ ದಾರ! ಭತ್ಯೆಗೆ ಕೆಂಪು, ಪಿಂಚಣಿಗೆ ಹಳದಿ, ಖಜಾನೆಗೆ ಹಸಿರು.

"ಏನಲೇ ಇದು, ಪುಸ್ತಕಕ್ಕ ಜಡಿ ಹೆಣದೀಯೇನು?"

"ನಮ್ಮಂಥೋರಿಗೆ ನೆನಪು ಎಲ್ಲೈತ್ರಿ ರಾಯರೆ? ಬೇಕಾದ್ದು ಎಲ್ಲೈತಿ ಅಂತ ಗೊತ್ತಿದ್ರ ಸಾಕು. ಪುಸ್ತಕ ನಿಮ್ದು, ಬೇಕಂದ್ರ ಈಗ್ಲೂ ಇಸ್ಕೊಳ್ರಿ."

ನಾನು ಮುಖ ತಿರುಗಿಸಿ ಪಾರಾಯಣಕ್ಕೆ ತೊಡಗಿದೆ. ಕುರುಗೋಡಿನಲ್ಲಿ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಇನ್ನೂರ ಹತ್ತರಲ್ಲಿದ್ದೆ. ಅತ್ತೆ ತಿರುಮಲಮ್ಮನವರು "ಸಾರು ಸಾಕೇನಪಾ?" ಎಂದರು. ನಾನು ಸಾಕೆನ್ನಲಿಲ್ಲ, ಅವರು ನಿಲ್ಲಿಸಲಿಲ್ಲ. ಪಂಚೆಯ ಮೇಲೆ ಸಾರಿನ ನಕಾಶೆ ಹೊತ್ತುಕೊಂಡೇ ಬಳ್ಳಾರಿ ಸೇರಿದೆ.

ಪರೀಕ್ಷೆಯ ಮೊದಲ ಪ್ರಶ್ನೆ: ಒಬ್ಬ ಗುಮಾಸ್ತ ಸರ್ಕಾರಿ ಕೆಲಸದ ಮೇಲೆ ಹೊರಟಾಗ ಗಾಡಿಯ ಅಚ್ಚು ಮುರಿದು ದಾರಿಯಲ್ಲಿ ಒಂದು ದಿನ ನಿಂತರೆ ಅವನಿಗೆ ಭತ್ಯೆ ಉಂಟೋ ಇಲ್ಲವೋ? ಕಾನೂನು ಸಮೇತ ಬರೆಯಿರಿ. ನಾನು ಮೀಸೆ ತಿರುವಿದೆ. ಅದು ನೂರ ಎಂಬತ್ತನಾಲ್ಕನೆಯದು! ಆದರೆ ನೂರ ಎಂಬತ್ತನಾಲ್ಕು ಎಲ್ಲಿದೆ? ನೂರ ಎಂಬತ್ತಮೂರು ಆದ ಮೇಲೆ. ಅದು? ನೂರ ಎಂಬತ್ತೆರಡು ಆದ ಮೇಲೆ. ನಮ್ಮಜ್ಜ ವೇದವನ್ನು ಎಲ್ಲಿಂದ ಬೇಕಾದರೂ ಎತ್ತಿಕೊಳ್ಳುತ್ತಿದ್ದರು. ಮೊಮ್ಮಗನ ವಿದ್ಯೆಗೆ ಇದ್ದದ್ದು ಒಂದೇ ಬಾಗಿಲು!

ಒಂದನೆಯ ಕಾನೂನಿನಿಂದ ಹೊರಟೆ. ಮನಸ್ಸಿನಲ್ಲೇ ಹೇಳಲು ನೋಡಿದೆ, ಬರಲಿಲ್ಲ. ತೂಗಬೇಕು, ಸ್ವರ ಹಾಕಬೇಕು. ಅರವತ್ತಕ್ಕೆ ಬಂದಾಗ ಕಾವಲಿನವನು "ಸದ್ದು!" ಎಂದು ಗದರಿಸಿದ. ಮತ್ತೆ ಒಂದು. ನೂರ ಹತ್ತಕ್ಕೆ ಪಕ್ಕದವನು ಮಸಿ ಕೇಳಿದ. ಹಾಳಾದವನೇ! ಮತ್ತೆ ಒಂದು. ಅಷ್ಟರಲ್ಲಿ ಪರೀಕ್ಷೆ ನೋಡಲು ಇಂಗ್ಲಿಷ್ ದೊರೆ ಬಂದ. ಕಣ್ಣು ಮುಚ್ಚಿ ತೂಗುತ್ತಿದ್ದ ನನ್ನನ್ನು ನೋಡಿ, ಪ್ರಾರ್ಥನೆಯೆಂದು ತಿಳಿದು, ಟೋಪಿ ತೆಗೆದು ಎದುರಿಗೇ ನಿಂತ! ಅವನು ನಿಂತಿರುವಾಗ ನಿಲ್ಲಿಸುವುದು ಹೇಗೆ? ಬೇಗ ಹೇಳೋಣವೆಂದರೆ ನಾಲಗೆ ಎಡವಿತು. ಮತ್ತೆ ಒಂದು. ಅತ್ತ ಓಬಳೇಶ ಕೆಂಪು ದಾರ ಎಳೆದ, ಪುಟ ತೆರೆದ, ಬರೆದ. ಹಳದಿ ಎಳೆದ, ಬರೆದ. ನಾನು ಬೆವರುತ್ತಾ ನೂರ ಎಂಬತ್ತಮೂರು ಮುಟ್ಟುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಹಾಳೆಯ ಮೇಲೆ ಇದ್ದದ್ದು ನನ್ನ ಹೆಸರು ಮಾತ್ರ.

ಮನೆಗೆ ಬಂದು, "ಪ್ರಶ್ನಿಗಳು ಸರಿಯಿದ್ದಿಲ್ಲ. ಒಂದನೇದರಿಂದ ಅನುಕ್ರಮವಾಗಿ ಕೇಳಬೇಕಾಗಿತ್ತು" ಎಂದೆ.

"ಕುಣಿಯಲಾರದಾಕಿ ನೆಲ ಡೊಂಕು ಅಂದಿದ್ಲಂತ" ಎಂದಳು ತುಳಸಮ್ಮ. ಅಷ್ಟೇ. ಬಯ್ಯಲಿಲ್ಲ, ಅಳಲಿಲ್ಲ. ಕೊಡ ಎತ್ತಿಕೊಂಡು ಊರಾಚೆಯ ಬಾವಿಗೆ ಹೊರಟಳು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವಳು ಸೊಂಟಕ್ಕೆ ಕೈಕೊಟ್ಟು ನಡೆಯುವುದನ್ನು ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು.

ಓಬಳೇಶ ಪಾಸಾದ. ಬಳ್ಳಾರಿಯ ಕುರ್ಚಿ ಏರಿದ. ಮೂರು ತಿಂಗಳಾದ ಮೇಲೆ ನನಗೊಂದು ಹುಕುಂ ಬಂತು: "ಗೋಪಾಲಕೃಷ್ಣರಾಯರು ಕೂಡಲೇ ಬಳ್ಳಾರಿ ಕಚೇರಿಗೆ ಹಾಜರಾಗತಕ್ಕದ್ದು." ನಾನು ಕುಣಿದಾಡಿಬಿಟ್ಟೆ! "ನೋಡಿದ್ಯಾ? ಯೋಗ್ಯತಾ ಅನ್ನೋದು ಪರೀಕ್ಷಾದಾಗ ಇರೂದಿಲ್ಲ!" ಪೂರ್ತಿ ಓದದೆಯೇ ಪಾತ್ರೆ ಪಡಗ ಗಾಡಿಗೆ ಏರಿಸಿ, ಬಳ್ಳಾರಿಯಲ್ಲಿ ಬಾವಿಯಿರುವ ಮನೆ ಹಿಡಿದು, ಹೊಸ ರುಮಾಲು ಸುತ್ತಿಕೊಂಡು ಕಚೇರಿಗೆ ಹೋದೆ.

ಓಬಳೇಶ ಕುರ್ಚಿಯಿಂದ ಎದ್ದು ಕೈಮುಗಿದ. "ಬರ್ರಿ ರಾಯರೆ. ನೀವು ಕೊಟ್ಟ ಪುಸ್ತಕ ಗೆದ್ದಲು ತಿಂದುಬಿಡ್ತು. ಕಚೇರಿ ಪ್ರತಿ ದೊರೆಗಳ ಸಂಗಾಟ ಊಟಿಗೆ ಹೋಗೈತಿ. ಹೊಸಾದು ಮದ್ರಾಸಿಂದ ಬರೋತನಕ ಸಣ್ಣದೊಂದು ಕೆಲಸ ಐತ್ರಿ ನಿಮಗ."

"ಏನು ಕೆಲಸ... ಓಬಳೇಶಪ್ಪನವರೆ?"

"ಇಲ್ಲಿ ಬಾಜೂಕ ಕುಂದರ್ರಿ. ಇನ್ನೂರ ಏಳನೇ ಕಾನೂನು ತೆಗೀರಿ."

ತೆಗೆಯುವುದೆಲ್ಲಿಂದ ಬಂತು! ಒಂದರಿಂದ ಹೊರಟೆ. ಅವನು ಮನೆಗೆ ಹೋಗಿ, ಉಂಡು, ಎಲೆಯಡಿಕೆ ಹಾಕಿಕೊಂಡು ಬರುವಾಗ ನಾನು ನೂರ ತೊಂಬತ್ತರಲ್ಲಿದ್ದೆ. ಇನ್ನೂರ ಏಳು ಬಂದ ಕೂಡಲೇ ಕೈಯೆತ್ತಿ ನಿಲ್ಲಿಸಿ ಬರೆದುಕೊಂಡ. "ಛಲೋ ಆತ್ರಿ. ಈಗ ಇನ್ನೂರ ಆರು ತೆಗೀರಿ." ಮತ್ತೆ ಒಂದು!

ಸಂಜೆ ಗಂಟಲು ಕಟ್ಟಿಕೊಂಡು ಮನೆಗೆ ಬಂದೆ. ತುಳಸಮ್ಮ ಹಿತ್ತಲ ಬಾವಿಯಲ್ಲಿ ನೀರು ಸೇದಿ, ದೇವರ ಮುಂದೆ ದೀಪ ಹಚ್ಚಿ, ಕಣ್ಣು ಮುಚ್ಚಿ ಕೂತಿದ್ದಳು. ಆ ಮುಖದಲ್ಲಿ ಅಂಥ ಭಕ್ತಿಯನ್ನು ನಾನು ಕಂಡೇ ಇರಲಿಲ್ಲ.

"ಏನು ಬೇಡಿಕೊಳ್ಳಿಕತ್ತೀ? ಮುಂದಿನ ವರ್ಷ ನಾ ಪಾಸಾಗ್ಲಿ ಅಂತನೇನು?" ಎಂದೆ, ಇದ್ದಷ್ಟು ದನಿಯಲ್ಲಿ.

"ನಿಮಗ ಬುದ್ಧಿ ಬರ್ಲಿ ಅಂತ ಎಂಟು ವರ್ಷ ಬೇಡಿಕೊಂಡೆ, ಆಗ್ಲಿಲ್ಲ" ಎಂದಳು ಅವಳು, ಕಣ್ಣು ತೆರೆಯದೆ. "ನೀವು ಪೂರ್ತಿ ಓದದ ಹುಕುಂ ನಾ ಕಡೀತನಕ ಓದ್ಸಿ ಕೇಳೀನಿ. ಈಗ ಮದ್ರಾಸಿನ ಪುಸ್ತಕ ದಾರ್ಯಾಗ ಕಳದು ಹೋಗ್ಲಿ ಅಂತ ಬೇಡ್ಕೊಳ್ಳಿಕತ್ತೀನಿ. ಇದು ದೇವರಿಗೂ ಹಗುರಾದ ಕೆಲಸ."