ಹನ್ನೆರಡನೆಯ ಫ್ಲಾಸ್ಕು

ವರ್ಷಕ್ಕೆ ನಾಲ್ಕು ಸಾವಿರ ರೂಪಾಯಿಯ ಗಾಜಿನ ಸಾಮಾನು. ಮದರಾಸಿನ ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಸಂಶೋಧನಾ ತಂಡಕ್ಕೂ ಬ್ರಾಡ್‌ವೇಯ ನಮ್ಮ ಅಂಗಡಿಗೂ ಇದ್ದ ವ್ಯವಹಾರ ಇಷ್ಟು. ಹಿಂದಿನ ವರ್ಷ ಒಡೆದಷ್ಟಕ್ಕೇ ಮುಂದಿನ ವರ್ಷ ಅನುದಾನ ಎಂಬುದು ಅಲ್ಲಿನ ಹಣಕಾಸು ಶಾಖೆಯ ನಿಯಮ. ಆದಕಾರಣ ಹೊಸಬರು ಸೇರಿದೊಡನೆ ಮೊದಲು ಒಡೆಯುವುದನ್ನು ಕಲಿಸುತ್ತಿದ್ದರು. ಸಂಶೋಧನೆ ಆಮೇಲೆ, ಬಿಡುವಿದ್ದರೆ.

೧೯೬೧ರಲ್ಲಿ ಅನಸೂಯ ಎಂಬ ಹುಡುಗಿ ಸೇರಿದಳು. ಪೆರಂಬೂರಿನ ರೈಲ್ವೆ ಗುಮಾಸ್ತರ ಮಗಳು. ತಂದೆ ನಿವೃತ್ತರಾಗುವ ವರ್ಷ. ಮನೆ ನಡೆಯಬೇಕಾದದ್ದು ಇವಳ ಶಿಷ್ಯವೇತನದಿಂದ. ಮೂರು ತಿಂಗಳ ಕೆಲಸ ನೋಡಿ ವೇತನ ಖಾಯಂ ಮಾಡುವುದು ಪದ್ಧತಿ. ಗಡುವಿನ ಕೊನೆಯ ದಿನದವರೆಗೂ ಅವಳು ಒಂದು ಟೆಸ್ಟ್ ಟ್ಯೂಬನ್ನೂ ಒಡೆದಿರಲಿಲ್ಲ.

ಅಂದು ಬಿಲ್ಲು ಹಿಡಿದು ಹೋದ ನಾನು ಪ್ರೊಫೆಸರ್ ಹರಿಹರರ ಕೋಣೆಯಲ್ಲೇ ಕೂತಿದ್ದೆ.

“ಏನಮ್ಮಾ, ನಿನ್ನ ಮೇಲೆ ದೂರು ಬಂದಿದೆ.”

“ನಾನೇನೂ ಒಡೆದಿಲ್ಲ ಸರ್.”

“ಅದೇ ದೂರು.”

ಉಗ್ರಾಣದ ಕಾಂತಪ್ಪ ನಿಯಮ ಓದಿದ: “ಹೊಸ ಸಂಶೋಧಕರು ಮೂರು ತಿಂಗಳೊಳಗೆ ಒಂದು ಡಜನ್ ಗಾಜಿನ ಸಾಮಾನನ್ನು ಸದುದ್ದೇಶದಿಂದ ಒಡೆದಿರತಕ್ಕದ್ದು. ಕೈಜಾರಿ ಒಡೆದದ್ದನ್ನು ಗಣನೆಗೆ ತೆಗೆದುಕೊಳ್ಳತಕ್ಕದ್ದಲ್ಲ.”

“ಪ್ರಯೋಗ ಮುಗಿದಿದೆ ಸರ್. ಹರಳು ಬಂದಿದೆ, ಫ್ಲಾಸ್ಕಿನಲ್ಲಿದೆ.”

“ಇದೊಂದು ಬೇರೆ,” ಎಂದರು ಪ್ರೊಫೆಸರ್. “ಮುಗೀತು ಅಂದ್ರೆ ಮುಂದಿನ ವರ್ಷ ದುಡ್ಡು ಯಾಕೆ ಅಂತ ಕೇಳ್ತಾರೆ.” ನನ್ನ ಕಡೆ ತಿರುಗಿದರು. “ರಾಯರೇ, ನಿಮ್ಮ ಮಾಲು ಇಷ್ಟು ಗಟ್ಟಿ ಯಾಕೆ?”

“ಜರ್ಮನಿಯದು ಸ್ವಾಮಿ. ಬೇಡವಾದರೆ ಇಲ್ಲಿಯದೇ ತರಿಸುತ್ತೇನೆ, ಬಿಸಿನೀರು ಕಂಡರೆ ಸೀಳುತ್ತದೆ. ಬೆಲೆ ಅದೇ.”

ಕಾಂತಪ್ಪ ಅವಳನ್ನು ಪ್ರಯೋಗಾಲಯದ ತೊಟ್ಟಿಯ ಬಳಿಗೆ ಕರೆದೊಯ್ದ. ಪ್ರೊಫೆಸರರೂ ನಾನೂ ಹಿಂದೆಯೇ ಹೋದೆವು. “ಮನೆಯಲ್ಲಿ ಅಮ್ಮ ಬೈದದ್ದನ್ನೆಲ್ಲ ಮರೆತುಬಿಡು ಮಗಾ. ಕೈ ಬಿಡು, ಅಷ್ಟೇ.”

“ತೊಳೆದಿಟ್ಟದ್ದನ್ನು ಒಡೆಯಬೇಕೇ?”

“ತೊಳೆಯದ್ದನ್ನು ಒಡೆದರೆ ಗುಡಿಸುವ ಭೀಮಾಬಾಯಿ ಸುಮ್ಮನಿರುತ್ತಾಳೆಯೇ?”

ಮೊದಲೆರಡಕ್ಕೆ ಕಣ್ಣು ಮುಚ್ಚಿಕೊಂಡಳು. ಆರನೆಯದರ ಹೊತ್ತಿಗೆ ಕೈ ಹದಕ್ಕೆ ಬಂತು. ಉಗ್ರಾಣದಲ್ಲಿ ಇದ್ದದ್ದೇ ಹನ್ನೊಂದು; ಅಷ್ಟೂ ಒಡೆದಾಯಿತು. ನಾಳೆ ತಂದುಕೊಡುತ್ತೇನೆ ಎಂದೆ. ಗಡುವು ಅಂದಿಗೇ ಮುಗಿಯುತ್ತಿತ್ತು. ಎಲ್ಲರೂ ಹರಳಿನ ಫ್ಲಾಸ್ಕಿನ ಕಡೆ ನೋಡಿದರು.

“ನಿಯಮ ಡಜನ್ ಅನ್ನುತ್ತದೆಯಮ್ಮಾ,” ಎಂದರು ಪ್ರೊಫೆಸರ್, ಬಹಳ ಮೃದುವಾಗಿ.

ಅವಳು ಅದನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿದಳು. ಆಮೇಲೆ ಸದುದ್ದೇಶದಿಂದ ಕೈಬಿಟ್ಟಳು.

ವೇತನ ಅಂದೇ ಖಾಯಂ ಆಯಿತು. ಮರುವರ್ಷದಿಂದ ಹೊಸಬರ ತರಬೇತಿ ಅವಳದೇ. ಬಲು ಕಟ್ಟುನಿಟ್ಟು ಎಂದು ಹೆಸರು. ಹರಳು ಹೋದದ್ದರಿಂದ ಅದೇ ವಿಷಯಕ್ಕೆ ಇನ್ನೂ ಮೂರು ವರ್ಷ ಮಂಜೂರಾತಿ ಸಿಕ್ಕಿತು. ಒಟ್ಟು ಗಳಿಕೆ: ಅವಳಿಗೆ ವೇತನ, ಪ್ರೊಫೆಸರರಿಗೆ ಮೂರು ವರ್ಷ, ನನಗೆ ಆರು ಸಾವಿರದ ಆರ್ಡರು, ಭೀಮಾಬಾಯಿಗೆ ಹೊಸ ಪೊರಕೆ.