ದನದ ಡಾಕ್ಟರ್ ಊರಾಗ ನನ್ನ ದವಾಖಾನಿ

ಡಾಕ್ಟರಕಿ ಮಾಡೋರ ಬಾಳೇದಾಗ ಗೊಂದಲಕ್ಕ ಎಂದೂ ಬರಗಾಲ ಬರಂಗಿಲ್ರಿ. ಪೇಷಂಟ್ ಒಂದು ಹೇಳ್ತಾನ, ಬ್ಯಾನಿ ಇನ್ನೊಂದು ಹೇಳ್ತದ, ಜೋಡಿ ಬಂದಾಕಿ ಮೂರನೇದು ಹೇಳ್ತಾಳ. ಆದ್ರ ಪಶ್ಚಿಮ ಟೆಕ್ಸಸ್‌ನ ಮರುಭೂಮಿಯೊಳಗ ಇದ್ದಾಗ ನನ್ನ ತಲಿ ಕೆಟ್ಟಷ್ಟು ಮತ್ತೆಲ್ಲೂ ಕೆಟ್ಟಿಲ್ಲ. ಈಗ ಡ್ಯಾಲಸ್ ಹತ್ರದ ಫ್ಲವರ್ ಮೌಂಡ್‌ನಾಗ ಯಾರ ಮನಿಯೊಳಗ ಪಾಟ್‌ಲಕ್ ಊಟ ಇದ್ರೂ, ಮೊಸರನ್ನ ಮುಗಿಯೂದ ತಡ, "ಆಂಟಿ, ಆ ಊರಿಂದು ಹೇಳ್ರಿ" ಅಂತ ಗಂಟು ಬೀಳ್ತಾರ.

ಎರಡು ಸಾವಿರದ ಇಸವಿ ಆಜುಬಾಜು ಇರಬೇಕು. ಹೂಸ್ಟನ್‌ನಾಗ ನನ್ನ ಟ್ರೇನಿಂಗ್ ಮುಗೀತು. ನನ್ನ ವೀಸಾದ ಕರಾರು ಹೆಂಗಿತ್ತಂದ್ರ, ಡಾಕ್ಟರ್ ಇಲ್ಲದ ಊರಾಗ ಮೂರು ವರ್ಷ ದುಡೀಬೇಕು, ಇಲ್ಲಾ ಧಾರವಾಡದ ಹಾದಿ ಹಿಡೀಬೇಕು. ನಮ್ಮನಿಯವರು ಮೈಸೂರಿನವರು, ಡ್ಯಾಲಸ್ ಕಡೆ ಸಾಫ್ಟ್‌ವೇರ್ ಕೆಲಸ. ಅವರನ್ನ ಫ್ಲವರ್ ಮೌಂಡ್‌ನಾಗ ಬಿಟ್ಟು, ದಿನವಿಡೀ ಡ್ರೈವ್ ಮಾಡಿದ್ರ ಮುಟ್ಟೋ ಊರಿಗೆ ನಾ ಹೋದೆ. ಮುಳ್ಳು, ಮಣ್ಣು, ಗಾಳಿ, ದನ. ಇಷ್ಟ ಊರು.

ಊರಿನ ದವಾಖಾನಿ ಕಮಿಟಿ ಚೇರ್ಮನ್ ಮೊದಲನೇ ದಿನಾನ ಹೇಳಿಬಿಟ್ಟ: "ಚಳಿಗಾಲದ ತನಕಾ ನೋಡೂಣು. ಪೇಷಂಟ್ ಬರಲಿಲ್ಲಂದ್ರ ದವಾಖಾನಿ ಮುಚ್ಚೂದ." ಮುಚ್ಚಿದ್ರ ನಾ ವಿಮಾನ ಹತ್ತೂದು, ನಮ್ಮನಿಯವರು ಇಲ್ಲೆ ಒಬ್ಬರ ಕೂತು ಉಪ್ಪಿಟ್ಟು ತಿರುವೂದು. ಮದುವಿ ಆಗಿ ಭಾಳ ದಿನಾನೂ ಆಗಿರಲಿಲ್ಲ.

ಅಲ್ಲಿ ಮಂದಿ ಮಾತು ಎಳದೆಳದು ಆಡ್ತಾರ. ನನ್ನ ಕಿವಿಗೆ ಅದು ನಮ್ಮ ಕಡೆ ಮಾತಿನ ಹಂಗ ಕೇಳಿಸ್ತಿತ್ತು. ಅದಕ್ಕ ಅವರ ಮಾತೂ ನಮ್ಮ ಭಾಷಾದಾಗ ಹೇಳ್ತೀನಿ.

ಹಿರಿಯರ ಆಶೀರ್ವಾದ

ಮೊದಲ ವಾರ ಬಂದೋರು ಬೆರಳೆಣಿಕಿ. ಮೊಣಕಾಲು ಬ್ಯಾನಿ ಅಂತ ಒಬ್ಬಾಕಿ ಮುದುಕಿ ಬಂದ್ಳು. ನಾ ಗುಳಿಗಿ ಬರದುಕೊಟ್ರ, "ನಮ್ಮ ಡಾಕ್ಟರ್ ಇದಕ್ಕ ಟರ್ಪೆಂಟೈನ್ ಹಚ್ಚು ಅಂತಾರ" ಅಂದ್ಳು. ಕೆಮ್ಮು ಅಂತ ಬಂದಂವ, "ಡಾಕ್ಟರ್ ಸಕ್ಕರಿಯೊಳಗ ನಾಕು ಹನಿ ಸೀಮೆಎಣ್ಣಿ ಹಾಕಿ ನುಂಗು ಅಂತಾರಲಾ" ಅಂದ. ಡಾಕ್ಟರ್ ಇಲ್ಲದ ಊರು ಅಂತ ನನ್ನ ಕಳಿಸ್ಯಾರ, ಇಲ್ಲೆ ನೋಡಿದ್ರ ಸೀಮೆಎಣ್ಣಿ ಕುಡಿಸೋ ಡಾಕ್ಟರ್ ಒಬ್ಬ ಇದ್ದಾನ.

ಕೌಂಟರಿನ್ಯಾಗ ಕೂಡೋ ಹೆಣಮಗಳನ್ನ ಕೇಳಿದೆ. "ಅಂವ ಭಾಳ ದೊಡ್ಡ ಮನುಷ್ಯಾ," ಅಂದ್ಳು, "ಕುದುರಿ ಹತ್ತಿ ಮನಿಮನಿಗೆ ಹೋಗಾಂವ."

"ಎಲ್ಲಿ ಇರ್ತಾರ?"

"ಗುಡ್ಡದ ಮ್ಯಾಲೆ, ನೀರಿನ ಟ್ಯಾಂಕ್ ದಾಟಿದ ಮ್ಯಾಲೆ."

ನಂಗ ಎಲ್ಲಾ ತಿಳೀತು. ನಮ್ಮ ಕಡೆ ಹೊಸದಾಗಿ ಬೋರ್ಡ್ ಹಾಕೋ ಡಾಕ್ಟರ್ ಮೊದಲು ಊರಿನ ಹಿರಿಯ ಡಾಕ್ಟರ್ ಮನಿಗೆ ಹೋಗಿ ಕಾಲಿಗೆ ಬಿದ್ದು ಬರ್ತಾನ. ನಾ ಹೋಗಿಲ್ಲ, ಮುದುಕ ಸಿಟ್ಟಾಗ್ಯಾನ, ಅದಕ್ಕ ಪೇಷಂಟ್ ಕಳಸವಲ್ಲ. ಐತವಾರ ಇಳಕಲ್ ಸೀರಿ ಉಟ್ಟೆ. ಡ್ಯಾಲಸ್‌ನಿಂದ ತಂದಿಟ್ಟಿದ್ದ ತೆಂಗಿನಕಾಯಿ, ಹಣ್ಣು, ಎಲಿ-ಅಡಿಕಿ ತಾಟಿನ್ಯಾಗ ಜೋಡಿಸಿಕೊಂಡು ಗುಡ್ಡಾ ಹತ್ತಿದೆ. ಟ್ಯಾಂಕ್ ದಾಟಿದ ಮ್ಯಾಲೆ ಒಂದು ಕಬ್ಬಿಣದ ಗೇಟು. ಒಳಗ ಬರೇ ಸಮಾಧಿ ಕಲ್ಲು. ಎಲ್ಲಾಕ್ಕಿಂತ ದೊಡ್ಡ ಕಲ್ಲು ಡಾಕ್ಟರಂದು. ನಮ್ಮ ಮುತ್ತಜ್ಜ ಹುಟ್ಟೋ ಕಾಲಕ್ಕ ಅಂವ ತೀರಿಕೊಂಡಿದ್ದ.

ಒಯ್ದ ಹಣ್ಣು-ಕಾಯಿ ವಾಪಸ್ ತರೂದು ಹೆಂಗ? ಅಲ್ಲೇ ಇಟ್ಟು, ನಮಸ್ಕಾರ ಮಾಡಿ ಬಂದೆ. ಮರುದಿನ ಕೌಂಟರಿನ ಹೆಣಮಗಳು, "ಭೆಟ್ಟಿ ಆತೇನು?" ಅಂತ ಕೇಳಿದ್ಳು.

"ಆತು."

"ಏನಂದ್ರು?"

"ಏನೂ ಅನ್ನಲಿಲ್ಲವಾ."

"ಹಂಗ ಅಂವ," ಅಂದ್ಳು. "ಹೊಸಬರ ಜೋಡಿ ಮಾತು ಕಡಿಮಿ."

ನೋಡಿದ್ರಲಾ?

ಆಮ್ಯಾಲೆ ಮಂದಿ ಬರಲಿಕ್ಕೆ ಸುರು ಆತು. ಖುಷಿ ಆತು. ಆದ್ರ ಬಂದೋರು ತಂಪಿನ್ಯಾಗ ಕೂತು, ಕಾಫಿ ಕುಡದು, ನನ್ನ ಮಾರಿ ನೋಡಿ ಎದ್ದು ಹೋಗ್ತಿದ್ರು. "ಮುಂದಿನವರು ಯಾರ್ರಿ?" ಅಂದ್ರ ಎಲ್ಲಾರೂ ಚಾವಣಿ ನೋಡೂದು.

ಒಬ್ಬಂವ ಕೈಗೆ ಅರಬಿ ಸುತ್ತಿಕೊಂಡು ಕೂತಿದ್ದ.

"ಕೈಗೆ ಏನಾತ್ರಿ?"

"ಏನಿಲ್ರಿ."

"ರಕ್ತ ಬರಲಿಕ್ಕತ್ತದ."

"ಬರ್ತದ್ರಿ ಅದು."

"ಒಂದೀಟು ನೋಡ್ಲೇನು?"

"ನೋಡ್ರಿ," ಅಂತ ಕೂತಲ್ಲಿಂದನ ಕೈ ಎತ್ತಿ ತೋರಿಸಿದ. ಇಳಿಸಿದ. "ನೋಡಿದ್ರಲಾ?" ಅಂತ ಟೊಪಗಿ ಎತ್ತಿ ನಮಸ್ಕಾರ ಹೇಳಿ ಹೊಂಟ.

ಕಿಡಕಿಯಿಂದ ನೋಡ್ತೀನಿ, ನೆಟ್ಟಗ ರಸ್ತೆ ದಾಟಿ ಎದುರಿನ ದನದ ಡಾಕ್ಟರ್ ಷೆಡ್ಡಿಗೆ ನುಗ್ಗಿದ. ಅಲ್ಲೆ ಹೊರಗ ಸಾಲಾಗಿ ಪಿಕಪ್ ಗಾಡಿ ನಿಂತಿದ್ವು. ಅರ್ಧಕ್ಕರ್ಧ ಗಾಡಿಯೊಳಗ ದನಾನೂ ಇರಲಿಲ್ಲ, ನಾಯಿನೂ ಇರಲಿಲ್ಲ.

ಸಿಟ್ಟು ನೆತ್ತಿಗೇರಿತು. ಹೋಗಿ ಆ ಡಾಕ್ಟರನ್ನ ಕೇಳಿದೆ. ಆರಡಿ ಮನುಷ್ಯಾ, ಜೊಂಪಿ ಮೀಸಿ, ನನ್ನ ಕಂಡು ಸಣ್ಣ ಹುಡುಗನಂಗ ನಾಚಿಕೊಂಡ. "ನಾ ಏನ್ ಮಾಡ್ಲಿ ತಂಗೀ, ದನ ತೋರಿಸಾಕ ಬರ್ತಾರ, ಹಂಗ ತಮ್ಮ ಕೈಕಾಲೂ ಮುಂದ ಮಾಡ್ತಾರ. ಆಕಿ ಕಡೆ ಹೋಗ್ರಿ ಅಂದ್ರ, ಆಕಿ ಯಾರೋ ಏನೋ ಅಂತಾರ."

"ಅವರಿಗೆ ದನದ ಗುಳಿಗಿ ಕೊಡ್ತೀರೇನು?"

"ಛೇ ಛೇ, ಅದು ತಪ್ಪು," ಅಂದ. "ಮುಲಾಮು ಅಷ್ಟ."

ಆವತ್ತ ನಮ್ಮನಿಯವರಿಗೆ ಫೋನ್ ಹಚ್ಚಿ ಅತ್ತುಬಿಟ್ಟೆ. ಎಲ್ಲಾ ಕೇಳಿ ಅವರು ಸಮಾಧಾನವಾಗಿ, "ಒಂದು ಕೆಲಸ ಮಾಡು, ಇಲ್ಲಿ ದನಗಳನ್ನೂ ನೋಡಲಾಗುತ್ತದೆ ಅಂತ ಬೋರ್ಡ್ ಹಾಕ್ಸು" ಅಂದ್ರು.

ನಾ ಪೇಷಂಟ್ ಆದದ್ದು

ಚಳಿ ಬೀಳೋ ಹೊತ್ತಿಗೆ ಕಮಿಟಿಯ ಕಡೀ ಮೀಟಿಂಗು ಮುಂದಿನ ಸೋಮವಾರ ಅಂತ ಗೊತ್ತಾತು. ಧೈರ್ಯ ಹೇಳಲಿಕ್ಕೆ ನಮ್ಮನಿಯವರು ಶನಿವಾರ ಬಂದ್ರು. ಬರೂಮುಂದ ಹೊಸಾ ಕ್ಯಾಮೆರಾ ತಂದಿದ್ರು. "ಊರು ಬಿಡೋಕ್ಕೆ ಮುಂಚೆ ಒಂದೆರಡು ಫೋಟೋ ಇರ್ಲಿ" ಅಂತ ಊರ ಹೊರಗ ಕರಕೊಂಡು ಹೋದ್ರು. ಧೈರ್ಯ ಹೇಳೋ ಪರಿ ನೋಡ್ರಿ.

"ಸ್ವಲ್ಪ ಹಿಂದೆ ಹೋಗು," ಅಂದ್ರು. ಹೋದೆ. "ಇನ್ನೂ ಸ್ವಲ್ಪ. ಬೆಟ್ಟ ಪೂರ್ತಿ ಬರ್ತಿಲ್ಲ." ಹೋದೆ. "ಇನ್ನೊಂದು ಚೂರು" ಅಂದಾಗ ಕಾಲು ಜಾರಿ, ಒಂದು ದೊಡ್ಡ ಪಾಪಾಸುಕಳ್ಳಿ ಮ್ಯಾಲೆ ಕುಂತುಬಿಟ್ಟೆ.

ಊರಿಗೆ ಡಾಕ್ಟರ್ ನಾ ಒಬ್ಬಾಕಿ. ಮುಳ್ಳು ಹೊಕ್ಕಿದ್ದು ನನ್ನ ಕಣ್ಣಿಗೂ ಕೈಗೂ ನಿಲುಕದ ಜಾಗಾದಾಗ. ನಮ್ಮನಿಯವರು "ನಾನೇ ಕೀಳ್ತೀನಿ" ಅಂತ ಒಂದು ಮುಳ್ಳು ಕಿತ್ರು, ರಕ್ತ ಕಂಡು ಕಣ್ಣು ಕತ್ತಲಿ ಬಂದು ಅಲ್ಲೇ ಕೂತ್ರು. ಕಡೀಕೆ ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ದನದ ಡಾಕ್ಟರ್ ಷೆಡ್ಡಿಗೆ ಹೋದ್ವಿ. ಶನಿವಾರ, ಅರ್ಧ ಊರು ಅಲ್ಲೆ ಇತ್ತು. ನನ್ನ ನಡಗಿ ಕಂಡು ಎಲ್ಲಾರೂ ಟೊಪಗಿ ತಗದು ಹಾದಿ ಬಿಟ್ರು.

ಆಗಷ್ಟ ಕರಾ ಇಳದುಹೋದ ಮೇಜಿನ ಮ್ಯಾಲೆ ಬೋರಲು ಮಲಗಿದೆ. ಅಡ್ಡ ಒಂದು ಪರದೆ ಅಷ್ಟ. ದನದ ಡಾಕ್ಟರ್ ಇಕ್ಕಳ ಹಿಡಕೊಂಡು ನಮ್ಮನಿಯವರ ಕಡೆ ತಿರುಗಿ ಕೇಳಿದ: "ವಯಸ್ಸೆಷ್ಟು?"

ಅವರು ಹೇಳಿದ್ರು.

"ಸರಿಯಾಗಿ ತಿಂತಾಳೇನು?"

"ತಿಂತಾಳೆ."

"ಒದೀತಾಳೇನು?"

ನಮ್ಮನಿಯವರು ವಿಚಾರ ಮಾಡಿದ್ರು. "ಇಲ್ಲೀವರೆಗೂ ಇಲ್ಲ."

"ನನ್ನ ಕೇಳ್ರಿ, ನಾ ಇಲ್ಲೇ ಇದ್ದೀನಿ," ಅಂದೆ ನಾ. ಅಂವ ಗಾಬರಿಯಾಗಿ ಹಿಂದ ಸರದ. "ತಪ್ಪು ತಿಳೀಬ್ಯಾಡ ತಂಗೀ, ನನ್ನ ಪೇಷಂಟ್ ಮಾತಾಡಂಗಿಲ್ಲ."

ಒಂದೊಂದು ಮುಳ್ಳಿಗೂ ನಾ ನಮ್ಮನಿಯವರನ್ನೂ, ಅವರ ಕ್ಯಾಮೆರಾನೂ ಅಚ್ಚ ಧಾರವಾಡ ಕನ್ನಡದಾಗ ಬೈದೆ. ಪರದೆ ಆಚಿ ಕಡೆ ಮಂದಿ ಉಸಿರು ಹಿಡದು ಕೇಳ್ತಿದ್ರು.

ಸೋಮವಾರ ಹೋದ್ರ ದವಾಖಾನಿ ತುಂಬೇದ. ಕೂಡಲಿಕ್ಕೆ ಜಾಗಾ ಇಲ್ಲ. ನಂಗಂತೂ ಹೆಂಗೂ ಕೂಡಲಿಕ್ಕೆ ಬರತಿರಲಿಲ್ಲ, ನಿಂತ ನೋಡಿದೆ. ಹೊರಗ ಒಬ್ಬಾಕಿ ಇನ್ನೊಬ್ಬಾಕಿಗೆ, "ಪೇಷಂಟ್ ಅಂದ್ರ ಎಷ್ಟು ಮರ್ಯಾದಿ ನೋಡು, ಕುರ್ಚಿ ಮುಟ್ಟವಲ್ಲಳು" ಅಂದಿದ್ದು ಕೇಳಿಸ್ತು. ಕಮಿಟಿ ಚೇರ್ಮನ್ನೂ ಸಾಲಿನ್ಯಾಗ ನಿಂತಿದ್ದ. "ಮೀಟಿಂಗು?" ಅಂದೆ. "ಯಾತರ ಮೀಟಿಂಗು? ನನ್ನ ಸೊಂಟ ನೋಡ್ರಿ ಮೊದಲು," ಅಂದ. ದವಾಖಾನಿ ಉಳೀತು, ನಾನೂ ಉಳಿದೆ. ಆ ಹೊತ್ತಿಗೆ ಅಳು ಬಂದಿದ್ದು ಮುಳ್ಳಿನ ಉರಿಗೆ ಅಂತ ಎಲ್ಲಾರೂ ತಿಳಕೊಂಡ್ರು.

ಯಾಕ ಹಿಂಗ ಒಮ್ಮಿಂದೊಮ್ಮೆ ಬಂದ್ರು ಅಂತ ನಂಗ ತಿಳೀವಲ್ದಾಗಿತ್ತು. ಸಾಲಿನ ಕಡೀಕೆ ದನದ ಡಾಕ್ಟರ್ ಬಂದ, ಕೈಯಾಗ ಟೊಪಗಿ. ಅಂವನ್ನ ಕೇಳಿದೆ. "ನನ್ನ ಕೈಯಾಗ ತೋರಿಸಿಕೊಂಡ ಮ್ಯಾಲೆ ನೀ ಊರಾಕಿ ಆದೀ," ಅಂದ. ಆಮ್ಯಾಲೆ ಸಣ್ಣ ದನಿಯೊಳಗ, ತಲಿ ಗಿರ್ ಅಂತದ ಅಂತ ಹೇಳಿದ. ಬಿ.ಪಿ. ನೋಡಿದ್ರ ನನ್ನ ತಲೀನ ಗಿರ್ ಅಂತು.

"ಎಷ್ಟು ದಿನದಿಂದ ಹಿಂಗ?"

"ದಿನ ಅಲ್ಲ, ಭಾಳ ವರ್ಷ ಆತು."

"ಇಷ್ಟು ವರ್ಷ ಯಾರಿಗೂ ತೋರಿಸಿಲ್ಲೇನು?"

ನಂಗ ಅಷ್ಟೂ ತಿಳುವಳಿಕಿ ಇಲ್ಲೇನು ಅನ್ನೂ ಹಂಗ ಅಂವ ನನ್ನ ಮಾರಿ ನೋಡಿದ.

"ಯಾರಿಗೆ ತೋರಿಸ್ಲಿ ತಂಗೀ? ಊರಾಗ ಇರೋ ಡಾಕ್ಟರ್ ನಾ ಒಬ್ಬನ."