ನಿಲ್ಲುವುದು ಗೊತ್ತಿಲ್ಲದ ಗಾಳಿ ಡ್ರಿಲ್ ಸಾಹೇಬರಿಗೆ

ಬೀದರ ಹತ್ತಿರದ ಕೊಳಾರದ ಬದ್ರೋದ್ದೀನ ಉಸ್ತಾದರ ಗ್ಯಾರೇಜಿನಲ್ಲಿ ಕೆಂಪು ಪೈಪಿನ ತುದಿಗೆ ವಿರಾಜಮಾನರಾಗಿರುವ ಮಾನ್ಯ ಗಾಳಿ ಡ್ರಿಲ್ ಸಾಹೇಬರೇ,

ಔರಾದ ತಾಲ್ಲೂಕು ಚಿಂತಾಕಿಯ, ಏಳನೇ ಕ್ಲಾಸ್ ಪಾಸಾದ ಗೋರಖನಾಥನ ಶರಣು ಸ್ವೀಕರಿಸಬೇಕು.

ಈ ಬರಗಾಲದಲ್ಲಿ ಊರಿಗೆ ಊರೇ ಗಂಟು ಕಟ್ಟಿ ಹೈದರಾಬಾದಿನ ಬಸ್ಸು ಹತ್ತುತ್ತಿರುವಾಗ ನಾನು ಬೀದರಕ್ಕೆ ಬಂದು ತಮ್ಮ ಸೇವೆಗೆ ನಿಂತೆ. ತಮ್ಮನ್ನು ಹಿಡಿಯಲು ಕಲಿತರೆ ಖಾಯಂ ಕೆಲಸ ಎಂದು ಉಸ್ತಾದರ ಕರಾರು. ಕಲಿಯದಿದ್ದರೆ ನಮಗೂ ಅದೇ ಬಸ್ಸು ಎಂದು ನನ್ನ ಹೆಂಡತಿ ಜಿಜಾಬಾಯಿ ಗಂಟು ಕಟ್ಟಿಯೇ ಇಟ್ಟಿದ್ದಳು.

ನಾನೇನು ಸಾಮಾನ್ಯನಲ್ಲ. ಬೋರ್‌ವೆಲ್ ಲಾರಿಯಲ್ಲಿ ದುಡಿದು ಅರ್ಧ ಔರಾದಿನ ಭೂಮಿಗೆ ತೂತು ಹಾಕಿದ ಕೈ ಇದು. ಅಂಥ ಕೈಗೆ ತಮ್ಮನ್ನು ಕೊಟ್ಟು ಉಸ್ತಾದರು, "ಕಾಕಾ, ಎರಡು ತಗಡ ಕೂಡಿಸಿ ಚುಕ್ಕಿ ಚುಕ್ಕಿ ವೆಲ್ಡಿಂಗ್ ಮಾಡ್ಯಾರ. ಮ್ಯಾಲಿನ ಹಳೀ ತಗಡ ಬಿಚ್ಚಬೇಕು, ಚುಕ್ಕಿ ಮ್ಯಾಲ ಇಟ್ಟು ಅದನ್ನಷ್ಟೇ ಕೊರೀರಿ. ತಳದ್ದಕ್ಕ ತೂತ ಬೀಳಬಾರದು" ಎಂದರು. ಬೋರಿನ ಧರ್ಮದಲ್ಲಿ ನಡುವೆ ನಿಲ್ಲಿಸಿದವನು ಹೇಡಿ. ಹಸಿ ಮಣ್ಣು ಬರುವವರೆಗೆ ಇಳಿಸುತ್ತಲೇ ಇರಬೇಕು.

ಆದ್ದರಿಂದ ಪದ್ಧತಿಯಂತೆ ತಮಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಆಳಕ್ಕೆ ಹೋಗದಂತೆ ತಮ್ಮನ್ನು ತಡೆಯುವ ಸ್ಕ್ರೂವನ್ನು ಕರುವಿನ ಕಣ್ಣಿ ಬಿಚ್ಚಿದಂತೆ ಪೂರಾ ಸಡಿಲಿಸಿ, ನೀರು ಮಾರುವ ಮಕ್ಬೂಲ ರಿಪೇರಿಗೆ ಬಿಟ್ಟಿದ್ದ ಟೆಂಪೋದ ಬಗಲಿಗೆ ಒತ್ತಿದೆ. ತಾವು ಮೇಲಿನ ತಗಡು ದಾಟಿದಿರಿ, ತಳದ ತಗಡು ದಾಟಿದಿರಿ, ಮಕ್ಬೂಲ ಅವಸರಕ್ಕೆ ಇಳಿಸದೇ ಬಿಟ್ಟಿದ್ದ ತುಂಬಿದ ಪ್ಲಾಸ್ಟಿಕ್ ಟ್ಯಾಂಕಿಯ ಕ್ಷೇಮವನ್ನೂ ವಿಚಾರಿಸಿಕೊಂಡು ಬಂದಿರಿ. ನೀರು ಚಿಮ್ಮಿ ನನ್ನ ಮೀಸೆ ತೊಯ್ದಿತು. ಮಾನ್ಯರೇ, ಇಷ್ಟು ವರ್ಷ ಬರೀ ಧೂಳು ಕಂಡ ಕೈಗೆ ಮೊದಲ ಸಲ ನೀರು ಹತ್ತಿತು! "ನೀರ ಬಿತ್ತು!" ಎಂದು ಕೂಗಿಬಿಟ್ಟೆ. ಓಣಿಯ ಹೆಣ್ಣುಮಕ್ಕಳು ಕೊಡ ಹಿಡಿದು ಓಡಿಬಂದರು. ಮಕ್ಬೂಲ ತೂತಿಗೆ ಹೆಬ್ಬೆರಳು ಕೊಟ್ಟು, "ಅದು ನಂದೇ ನೀರ ಅದ ಕಾಕಾ!" ಎಂದು ಅಳತೊಡಗಿದ.

ಮರುದಿನ ಉಸ್ತಾದರು ಗುಜರಿ ಕಾರಿನದೊಂದು ಬಾಗಿಲು ಮುಂದಿಟ್ಟು, "ಇದೇ ಆಖರಿ ಮೋಕಾ" ಎಂದರು. ಜಿಜಾಬಾಯಿ ಸಾರಿಗೆ ಉಪ್ಪು ಹಾಕುವಂತೆ ಸ್ಕ್ರೂವನ್ನು ಚೂರು ಚೂರೇ ತಿರುಗಿಸಿ, ಉಸಿರು ಬಿಗಿಹಿಡಿದು ಒತ್ತಿದೆ. ಮೇಲಿನ ತಗಡು ಹಪ್ಪಳದಂತೆ ಎದ್ದುಬಂತು. ತಳದಲ್ಲಿ ತೂತಿಲ್ಲ, ಹೊಳೆಯುವ ಗುರುತೊಂದೇ. ಉಸ್ತಾದರು ಬೆರಳಾಡಿಸಿ ನೋಡಿ, "ನಾಳಿಂದ ಖಾಯಂ ಬರ್ರಿ. ಕಾಯಿ ತರಬ್ಯಾಡ್ರಿ" ಎಂದರು.

ಇನ್ನು ಮುಂದೆ ಮೇಲಿನ ತಗಡು ಮುಗಿದೊಡನೆ ತಾವೇ "ಸಾಕ್ರಿ ಕಾಕಾ" ಎನ್ನತಕ್ಕದ್ದು, ಮತ್ತು ದಿನಾ ಬೆಳಗ್ಗೆ ತಾವು ಕುಡಿಯುವ ಎಣ್ಣೆಯಲ್ಲಿ ಎರಡು ಹನಿ ನನ್ನ ಮೊಣಕಾಲಿಗೂ ಮಂಜೂರು ಮಾಡತಕ್ಕದ್ದು ಎಂದು ವಿನಂತಿ.

ತಮ್ಮ ವಿಶ್ವಾಸಿ, ಹಾಗೂ ಇಂದಿನಿಂದ ತಮ್ಮ ಮೇಲಧಿಕಾರಿ,
ಗೋರಖನಾಥ

ತಾ.ಕ.: ಜಿಜಾಬಾಯಿ ಗಂಟು ಬಿಚ್ಚಿದಳು. ಬಿಚ್ಚುತ್ತಲೇ, "ಅಂಥಾ ಸ್ಕ್ರೂ ನಿಮ್ಮ ನಾಲಿಗಿಗೂ ಒಂದು ಸಿಗ್ತದೇನು, ಉಸ್ತಾದರಿಗಿ ಕೇಳಿ ನೋಡ್ರಿ" ಎಂದಳು. ತಮ್ಮ ಕಂಪನಿಯವರು ಅಂಥದ್ದನ್ನು ತಯಾರಿಸುತ್ತಿದ್ದರೆ, ಬೀದರಕ್ಕೆ ಒಂದನ್ನೂ ಕಳಿಸದಂತೆ ತಾವು ಶಿಫಾರಸು ಮಾಡಬೇಕು.